ಉಳುಕಿದ ಕಾಲು



ಈ ಸಂಜೆ ನಾವು ಮಾತನಾಡಹೊರಟಿರುವ ವಿಷಯವು ಬಹು ಸಣ್ಣದು. ಕಾಲು ಉಳುಕುವುದು ಯಾವ ಮನೆಯಲ್ಲಿ ಇಲ್ಲ? ಕತ್ತಲೆಯಲ್ಲಿ ಮೆಟ್ಟಲು ತಪ್ಪಿದವರು, ನಿಲ್ಲದ ಬಸ್ಸಿನಿಂದ ಇಳಿದವರು, ಮದುವೆಯ ಚಪ್ಪರದ ಹಗ್ಗಕ್ಕೆ ಎಡವಿದವರು, ಎಲ್ಲರಿಗೂ ಒಮ್ಮೆಯಾದರೂ ಇದರ ಪರಿಚಯವಾಗಿರುವುದು. ಇದರಿಂದ ಸತ್ತವರಿಲ್ಲ, ಆದುದರಿಂದ ಇದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ನಾವೂ ಹಾಗೆಯೇ ಎಣಿಸಿ, ನಮ್ಮ ಆಯುಷ್ಯದಲ್ಲಿ ಸುಮಾರು ಹದಿನೈದು ವರ್ಷಗಳ ಓಟವನ್ನು ಕಳೆದುಕೊಂಡೆವು. ಆ ನಷ್ಟದ ಕಾರಣವು ತಿಳಿದುಬಂದದ್ದು ಕಳೆದ ಶ್ರಾವಣದಲ್ಲಿ, ಅದೇ ಕಾಲು ಮತ್ತೊಮ್ಮೆ ಉಳುಕಿದಾಗ.

ನಾವು ಓಡುವುದು ಮಂಡ್ಯದ ಬಳಿಯ ವಿ.ಸಿ. ಫಾರಂನ ಹಾದಿಗಳಲ್ಲಿ. ಕೃಷ್ಣರಾಜಸಾಗರದಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದಿತು. ಬಳಿಕ ವಿಶ್ವೇಶ್ವರಯ್ಯನವರ ಹೆಸರು ಬಂದು, ಅದೇ ಎರಡಕ್ಷರವಾಗಿ ಫಾರಂಗೂ ಅಂಟಿಕೊಂಡಿತು. ಮಳೆಯನ್ನೇ ನಂಬಿದ್ದ ನೆಲಕ್ಕೆ ನಾಲೆಯ ನೀರು ಬಂದರೆ ಯಾವ ಬೆಳೆ ಒಗ್ಗುವುದು, ಎಷ್ಟು ನೀರು ಸಾಕಾಗುವುದು ಎಂಬುದನ್ನು ಪರೀಕ್ಷಿಸಲು 1931ರಲ್ಲಿ ಈ ಕ್ಷೇತ್ರವನ್ನು ತೆರೆದರು. ಎರಡು ವರ್ಷಗಳ ತರುವಾಯ, 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಹುಟ್ಟಿತು. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿ, ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದದ್ದು ಇಲ್ಲಿಯೇ. ಇಂಥ ಸ್ಥಳದಲ್ಲಿ ನಾವು ಬೆವರು ಸುರಿಸುತ್ತ ಓಡುವುದರಿಂದ ಲೋಕಕ್ಕೆ ಒಂದು ತೆನೆಯ ಉಪಯೋಗವೂ ಇಲ್ಲವೆಂಬುದನ್ನು ಒಪ್ಪಿಕೊಳ್ಳುವೆವು. ಆದರೆ ಬೆಳಗಿನ ಜಾವ ಒಂದು ಕಡೆ ಕಬ್ಬು, ಇನ್ನೊಂದು ಕಡೆ ನಾಟಿಗೆ ಹದಮಾಡಿದ ಗದ್ದೆ, ನಡುವೆ ಮರಗಳ ನೆರಳಿನ ಮಣ್ಣುಹಾದಿ. ಓಡುವವನಿಗೆ ಇದಕ್ಕಿಂತ ಬೇರೇನು ಬೇಕು?

ನಾವು ಓಡುವುದು ಬರಿಯ ವಿನೋದಕ್ಕಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ತಂದೆಯವರಿಗೆ ಮಧುಮೇಹವಿದ್ದಿತು. ಸಕ್ಕರೆಯ ನಾಡಿನಲ್ಲಿ ಹುಟ್ಟಿದವರಿಗೆ ಸಕ್ಕರೆಯ ಕಾಯಿಲೆ ಎಂದು ಅವರೇ ನಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅವರ ಪಾದಗಳು ಜೋಮು ಹಿಡಿದು, ನೆಲ ಮೆಟ್ಟಿದ್ದು ತಿಳಿಯದಂತಾಗಿ, ಎಡಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ನಮಗೆ ನಲವತ್ತೊಂದು ತುಂಬಿದ ವರ್ಷ ರಕ್ತಪರೀಕ್ಷೆಯ ಚೀಟಿ ನೋಡಿದ ವೈದ್ಯರು, ‘ಗಡಿಯ ಮೇಲೆ ನಿಂತಿದ್ದೀರಿ, ಇತ್ತ ಬರುವುದೂ ಅತ್ತ ಹೋಗುವುದೂ ನಿಮ್ಮ ಕಾಲಿನಲ್ಲಿದೆ’ ಎಂದರು. ಅಂದಿನಿಂದ ಮತ್ತೆ ಓಡತೊಡಗಿದೆವು. ಮೂರು ವರ್ಷಗಳಲ್ಲಿ ಚೀಟಿಯ ಅಂಕಿಗಳು ಕೆಳಗಿಳಿದಿದ್ದುವು. ಮೈಸೂರಿನಲ್ಲಿ ದಸರೆಯ ಸಮಯಕ್ಕೆ ನಡೆಯುವ ಓಟದಲ್ಲಿ 10 ಕಿಲೋಮೀಟರು ಓಡಬೇಕೆಂಬ ಸಣ್ಣ ಆಸೆಯೂ ಮೊಳೆತಿದ್ದಿತು.

ಹೀಗಿರಲು, ಶ್ರಾವಣದ ಒಂದು ಬೆಳಿಗ್ಗೆ, ಹಿಂದಿನ ರಾತ್ರಿಯ ಮಳೆಗೆ ಮಣ್ಣುಹಾದಿ ಜಾರುತ್ತಿದ್ದುದರಿಂದ, ಹುಲ್ಲು ಬೆಳೆದ ಬದುವಿನ ಮೇಲೆ ಹೆಜ್ಜೆಯಿಟ್ಟೆವು. ಹುಲ್ಲಿನ ಕೆಳಗೆ ಗಾಡಿಯ ಚಕ್ರದ ಆಳವಾದ ಜಾಡಿದ್ದಿತು. ಬಲಗಾಲಿನ ಅಂಗಾಲು ಒಳಮುಖವಾಗಿ ಹೊರಳಿತು. ಮೈಯ ಭಾರವೆಲ್ಲ ಅದರ ಹೊರ ಅಂಚಿನ ಮೇಲೆ ಬಿದ್ದಿತು. ಹಸಿಯ ಕಡ್ಡಿಯನ್ನು ಮುರಿದಂಥ ಒಂದು ಸಣ್ಣ ಶಬ್ದ ಕೇಳಿಸಿದಂತಾಯಿತು. ಎಚ್ಚರವಾದಾಗ ಗದ್ದೆಯ ಅಂಚಿನಲ್ಲಿ ಕುಳಿತಿದ್ದೆವು.

ತೂಬಿನ ಬಳಿ ಗುದ್ದಲಿ ಹಿಡಿದು ನಿಂತಿದ್ದ ನೀರುಗಂಟಿಯು ಓಡಿಬಂದನು. ನಾವು ಸಂಕೋಚದಿಂದ ಎದ್ದುನಿಲ್ಲಲು ಯತ್ನಿಸಲು, ‘ಏಳ್ಬ್ಯಾಡಿ ಮೇಷ್ಟ್ರೆ, ಹಂಗೇ ಕೂತ್ಕಳಿ, ಕಾಲ್ಗೆ ತೂಕ ಬುಡ್ಬ್ಯಾಡಿ’ ಎಂದು ಭುಜ ಹಿಡಿದು ಕೂರಿಸಿದನು. ಆಮೇಲೆ ಅವನ ಮಗನ ಬೈಸಿಕಲ್ಲಿನ ಹಿಂಬದಿಯಲ್ಲಿ ಕುಳಿತು, ಎದುರಾದ ವಿದ್ಯಾರ್ಥಿಗಳ ನಮಸ್ಕಾರಗಳನ್ನು ಸ್ವೀಕರಿಸುತ್ತ, ಮನೆ ಸೇರಿದೆವು.

ಕಾಲು ಉಳುಕಿದವನ ಮನೆಗೆ ಬರುವಷ್ಟು ವೈದ್ಯರು ಬೇರಾವ ರೋಗಿಯ ಮನೆಗೂ ಬರಲಾರರು. ಪಕ್ಕದ ಮನೆಯ ಅಜ್ಜಿಯವರು ಹುಣಸೆಹಣ್ಣು, ಉಪ್ಪು, ಅರಿಸಿನ ಕುದಿಸಿ ಪಟ್ಟು ಹಾಕಬೇಕೆಂದರು. ಒಬ್ಬರು ಮಂಗರವಳ್ಳಿ ತಂದರು. ಇನ್ನೊಬ್ಬರು ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಾವು ಕೊಡಲು ಹೇಳಿದರು. ಗೆಳೆಯರೊಬ್ಬರು ಆಂಧ್ರದ ಪುತ್ತೂರಿನ ಕಟ್ಟಿಗೆ ಸಮಾನವಿಲ್ಲವೆಂದು ವಾಹನದ ಏರ್ಪಾಟನ್ನೂ ಮಾಡಹೊರಟರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುವುದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಇಂದಿಗೂ ಉಂಟಷ್ಟೆ. ಅದು ಸೊಂಟಕ್ಕೆ ಮಾತ್ರವೋ ಕಾಲಿಗೂ ಸಲ್ಲುವುದೋ ಎಂದು ನಮ್ಮ ಹಜಾರದಲ್ಲಿ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಇವರಾರನ್ನೂ ಹಾಸ್ಯಮಾಡಲು ನಮಗೆ ಮನಸ್ಸಿಲ್ಲ. ನೊಂದವನ ಕಾಲನ್ನು ಮುಟ್ಟಿ ನೋಡುವ ಕೈ ಅರ್ಧ ಔಷಧ. ಆದರೆ ಎರಡು ಮಾತುಗಳನ್ನು ಖಂಡಿತವಾಗಿ ಹೇಳಬೇಕು. ಹೊಸದಾಗಿ ಉಳುಕಿದ ಕಾಲನ್ನು ಎಳೆದು ತಿಕ್ಕಿ ‘ಉಳುಕು ತೆಗೆಯ’ಬಾರದು, ಹರಿದಿರುವುದು ಇನ್ನಷ್ಟು ಹರಿಯುವುದು, ಮುರಿದಿದ್ದರೆ ಕೇಡು ಬಲಿಯುವುದು. ಎರಡನೆಯದಾಗಿ, ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಸಿಯ ಪಟ್ಟನ್ನಾಗಲಿ ಮಂಜಿನ ಗಡ್ಡೆಯನ್ನಾಗಲಿ ಇಡಬಾರದು. ನಮ್ಮ ತಂದೆಯವರ ಪಾದದಲ್ಲಿ ಮೊದಲ ಹುಣ್ಣು ಎದ್ದದ್ದು ಇಂಥದೇ ಒಂದು ಬಿಸಿಪಟ್ಟಿನಿಂದ. ಸುಟ್ಟದ್ದು ಅವರಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ವೈದ್ಯರಲ್ಲಿಗೆ ಹೋದೆವು. ಅವರು ಒಡನೆ ಎಕ್ಸರೇ ತೆಗೆಸುವರೆಂದು ನಾವೆಣಿಸಿದ್ದುದು ಸುಳ್ಳಾಯಿತು. ಹೆಬ್ಬೆರಳಿನಿಂದ ನಾಲ್ಕು ಕಡೆ ಒತ್ತಿ ನೋಡಿದರು: ಹರಡಿನ ಎರಡು ಪಕ್ಕಗಳಲ್ಲಿರುವ ಗಂಟುಗಳ ತುದಿ ಮತ್ತು ಹಿಂಬದಿಯ ಅಂಚು, ಕಿರುಬೆರಳಿನ ಕಡೆಯ ಪಾದದೆಲುಬಿನ ಬುಡ, ಪಾದದ ಒಳಪಕ್ಕದ ದೋಣಿಯಾಕಾರದ ಎಲುಬು. ಬಳಿಕ, ‘ನಾಲ್ಕು ಹೆಜ್ಜೆ ಇಡಿ’ ಎಂದರು. ಹಲ್ಲು ಕಚ್ಚಿ, ಕುಂಟುತ್ತ, ಇಟ್ಟೆವು. ‘ಎಲುಬು ಮುರಿದಿಲ್ಲ, ಮನೆಗೆ ಹೋಗಿ’ ಎಂದರು. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳಿವು. ಎಲುಬಿನ ಆ ತಾಣಗಳಲ್ಲಿ ಒತ್ತಿದರೆ ನೋವಾಗದೆ, ಪೆಟ್ಟಾದಾಗಲೂ ಪರೀಕ್ಷೆಯಲ್ಲೂ ನಾಲ್ಕು ಹೆಜ್ಜೆ ಇಡಲು ಆಗುವುದಾದರೆ, ಎಲುಬು ಮುರಿದಿರುವ ಸಂಭವ ಬಹು ಕಡಿಮೆ. ನಾವು ಹೇಳಿದೆವೆಂದು ಮನೆಯಲ್ಲಿಯೇ ಒತ್ತಿಕೊಂಡು ತೀರ್ಮಾನಿಸಬೇಡಿರಿ. ಒತ್ತುವ ಹೆಬ್ಬೆರಳಿಗೂ ವ್ಯಾಸಂಗ ಬೇಕು.

ಹಾಗಾದರೆ ಕೆಟ್ಟದ್ದೇನು? ಮೊಣಕಾಲಿನಿಂದ ಇಳಿದುಬರುವ ಎರಡು ಎಲುಬುಗಳು ಕೆಳಗಿನ ಒಂದು ಎಲುಬನ್ನು ಇಕ್ಕುಳದಂತೆ ಹಿಡಿದಿರುವುವು. ಇವನ್ನು ಬಿಗಿದಿರುವುದು ನಾರಿನಂಥ ಕಟ್ಟುಗಳು, ವೈದ್ಯಭಾಷೆಯಲ್ಲಿ ಅಸ್ಥಿರಜ್ಜು. ಒಳಪಕ್ಕದಲ್ಲಿ ಅದು ಬೀಸಣಿಗೆಯಂತೆ ಅಗಲವಾಗಿಯೂ ದಪ್ಪವಾಗಿಯೂ ಇರುವುದು. ಹೊರಪಕ್ಕದಲ್ಲಿರುವುವು ಬೇರೆಬೇರೆಯಾದ ಮೂರು ತೆಳುವಾದ ಕಟ್ಟುಗಳು. ಅದರಲ್ಲಿಯೂ ಮುಂಬದಿಯದು ಎಲ್ಲಕ್ಕಿಂತ ಬಡವು. ಹೊರಪಕ್ಕದ ಎಲುಬೂ ಒಳಪಕ್ಕದ್ದಕ್ಕಿಂತ ಕೆಳಗೆ ಇಳಿದಿರುವುದರಿಂದ, ಪಾದವು ಹೊರಳಿದರೆ ಬಹುಮಟ್ಟಿಗೆ ಒಳಮುಖವಾಗಿಯೇ ಹೊರಳುವುದು, ಮುಂಬದಿಯ ಬಡಕಟ್ಟೇ ಮೊದಲು ಹರಿಯುವುದು. ಎಳೆಗಳು ಬರಿಯ ಜಗ್ಗಿದ್ದರೆ ಒಂದನೆಯ ತರಗತಿ, ಕೆಲವು ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದಿದ್ದರೆ ಮೂರನೆಯದು. ನಮ್ಮದು ಎರಡನೆಯ ತರಗತಿ. ಕಾಲೇಜಿನಲ್ಲಿ ಎಂದೂ ಬಾರದ ದರ್ಜೆ ಇಲ್ಲಿ ಬಂದಿತೆಂದು ಮನೆಯಾಕೆ ಹೇಳಿದಳು.

ಚಿಕಿತ್ಸೆಯ ವಿಚಾರದಲ್ಲಿ ವೈದ್ಯರೂ ಮನಸ್ಸು ಬದಲಿಸಿಕೊಳ್ಳುವರೆಂಬುದು ನಮಗೆ ಹೊಸ ತಿಳಿವಳಿಕೆ. ವಿಶ್ರಾಂತಿ, ಮಂಜು, ಬಿಗಿಯಾದ ಪಟ್ಟಿ, ಕಾಲನ್ನು ಮೇಲೆತ್ತಿ ಇಡುವುದು, ಈ ನಾಲ್ಕನ್ನೂ ಒಂದು ಸೂತ್ರವಾಗಿ ಹೆಣೆದವರು ಅಮೆರಿಕದ ಮಿರ್ಕಿನ್ ಎಂಬ ವೈದ್ಯರು, 1978ರಲ್ಲಿ. ಆಟದ ಮೈದಾನವಿರುವ ಕಡೆಯೆಲ್ಲ ಅದು ಮಂತ್ರದಂತೆ ನಿಂತಿತು. ಕಾಲು ಶತಮಾನಕ್ಕೂ ಮೀರಿದ ಮೇಲೆ ಅವರೇ, ಮಂಜು ನೋವನ್ನು ತಗ್ಗಿಸಿದರೂ ಮಾಯುವುದನ್ನು ತಡಮಾಡಬಹುದು, ಪೂರ್ಣ ವಿಶ್ರಾಂತಿಯೂ ಹಾಗೆಯೇ ಎಂದು ಬರೆದರು. ಊದಿಕೊಳ್ಳುವುದು ಶರೀರದ ತಪ್ಪಲ್ಲ, ಅದೇ ರಿಪೇರಿಯ ಮೊದಲ ಹೆಜ್ಜೆ ಎಂಬುದು ಇಂದಿನ ವಿಚಾರ. ತಾನು ಸ್ಥಾಪಿಸಿದ ಸೂತ್ರವನ್ನು ತಾನೇ ತಿದ್ದುವ ವಿದ್ವಾಂಸರನ್ನು ನಾವು ನಮ್ಮ ವೃತ್ತಿಯಲ್ಲಿ ಹೆಚ್ಚಾಗಿ ಕಂಡಿಲ್ಲ; ಆದುದರಿಂದ ಅವರ ಹೆಸರನ್ನು ಗೌರವದಿಂದ ಹೇಳುತ್ತಿದ್ದೇವೆ.

ಇದರ ಅರ್ಥ ವಿಶ್ರಾಂತಿಯೇ ಬೇಡವೆಂದಲ್ಲ. ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಕಡಿಮೆ ಮಾಡಬೇಕು. ತೀವ್ರವಾಗಿ ಉಳುಕಿದವರ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದು 2009ರಲ್ಲಿ ಪ್ರಕಟವಾಯಿತು. ಅದರಲ್ಲಿ 584 ಮಂದಿ ಸೇರಿದ್ದರು. ಮೊಣಕಾಲಿನ ಕೆಳಗೆ ಹತ್ತು ದಿನ ಮಾತ್ರ ಗಟ್ಟಿಯ ಕಟ್ಟು ಹಾಕಿಸಿಕೊಂಡವರು, ಬರಿಯ ಪಟ್ಟಿ ಸುತ್ತಿಕೊಂಡವರಿಗಿಂತ ಮೂರು ತಿಂಗಳಲ್ಲಿ ಚೆನ್ನಾಗಿದ್ದರು. ಒಂಬತ್ತು ತಿಂಗಳಿಗೆ ಎಲ್ಲರೂ ಒಂದೇ ಸಮನಾದರು. ನಮಗೆ ಗಟ್ಟಿಕಟ್ಟು ಬೇಕಾಗಲಿಲ್ಲ. ಕಾಲನ್ನು ದಿಂಬಿನ ಮೇಲಿಟ್ಟು ಎರಡು ದಿನ ಉತ್ತರಪತ್ರಿಕೆ ತಿದ್ದಿದೆವು. ಆ ವರ್ಷದ ವಿದ್ಯಾರ್ಥಿಗಳು ನಮ್ಮನ್ನು ಬಹುಕಾಲ ಕ್ಷಮಿಸರು.

ಮೂರನೆಯ ದಿನ ವೈದ್ಯರು ಒಂದು ವಿಚಿತ್ರವಾದ ಪಾಠ ಕೊಟ್ಟರು. ಕುರ್ಚಿಯಲ್ಲಿ ಕುಳಿತು, ಹೆಬ್ಬೆರಳನ್ನೇ ಬಳಪವೆಂದು ತಿಳಿದು, ಗಾಳಿಯಲ್ಲಿ ಅಕ್ಷರಮಾಲೆ ಬರೆಯಬೇಕು. ನಮ್ಮ ಲಿಪಿಯ ದುಂಡುತನ ಇಲ್ಲಿ ಉಪಕಾರಕ್ಕೆ ಬಂದಿತು. ‘ಅ’ದಿಂದ ‘ಳ’ದವರೆಗೆ ಬರೆಯುವುದರೊಳಗೆ ಪಾದವು ತಿರುಗಬಹುದಾದ ದಿಕ್ಕುಗಳಿಗೆಲ್ಲ ತಿರುಗಿತು. ವಾರ ಕಳೆದ ಮೇಲೆ ಸೈಕಲ್ಲಿನ ಹಳೆಯ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ, ಅದನ್ನು ಪಾದದ ಹೊರ ಅಂಚಿನಿಂದ ಎಳೆಯುವ ಅಭ್ಯಾಸ. ಮೀನಖಂಡದ ಹೊರಪಕ್ಕದ ಸ್ನಾಯುಗಳು ಬಲವಾದರೆ, ಹೊರಳುವ ಪಾದವನ್ನು ಅವು ಹಿಡಿದೆಳೆಯಬಲ್ಲುವಂತೆ.

ಎರಡನೆಯ ವಾರದ ಕೊನೆಗೆ ಬಾವು ಇಳಿದು, ನೋವು ಹೋಗಿ, ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋಗುವಂತಾದೆವು. ಅಪಾಯವಿರುವುದು ಇಲ್ಲಿಯೇ. ಹಿಂದೆ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಇದೇ ಕಾಲು ಉಳುಕಿದಾಗ, ಹನ್ನೆರಡನೆಯ ದಿನಕ್ಕೆ ನೋವಿಲ್ಲವೆಂದು ನಾವು ಓಡಲು ಹೋಗಿದ್ದೆವು. ತಿಂಗಳೊಳಗೆ ಮತ್ತೆ ಉಳುಕಿತು. ಮುಂದೆ ವರ್ಷಕ್ಕೆ ಎರಡು ಬಾರಿ, ಮೂರು ಬಾರಿ. ಸಮನೆಲದಲ್ಲಿ ನಡೆಯುವಾಗಲೂ ಕಾಲು ಸುಮ್ಮನೆ ಮಡಿಸಿಕೊಳ್ಳುತ್ತಿದ್ದಿತು. ನಮ್ಮ ಕಾಲೇ ಬಡಕಲೆಂದೂ ಓಟವು ನಮ್ಮ ಹಣೆಯಲ್ಲಿ ಬರೆದಿಲ್ಲವೆಂದೂ ತಿಳಿದು ಬಿಟ್ಟುಬಿಟ್ಟೆವು. ಆ ವಯಸ್ಸಿನಲ್ಲಿ ನಮಗೆ ತಿಳಿಸುವವರು ಒಬ್ಬರಿದ್ದಿದ್ದರೆ!

ನೋವು ಹೋದ ಮೇಲೂ ಕಾಲಿನಲ್ಲಿ ಉಳಿಯುವ ಕೊರತೆ ಯಾವುದು ಎಂಬುದನ್ನು ಇಂಗ್ಲೆಂಡಿನ ಫ್ರೀಮನ್ ಎಂಬ ವೈದ್ಯರೂ ಅವರ ಸಂಗಡಿಗರೂ 1965ರಲ್ಲಿ ವಿಚಾರಮಾಡಿದರು. ಕೀಲಿನ ಕಟ್ಟುಗಳು ಬರಿಯ ಹಗ್ಗಗಳಲ್ಲ. ಅವುಗಳೊಳಗೆ ಸೂಕ್ಷ್ಮವಾದ ನರಗಳ ತುದಿಗಳುಂಟು. ಪಾದವು ಯಾವ ಕೋನದಲ್ಲಿದೆ, ನೆಲ ಎತ್ತ ಓರೆಯಾಗಿದೆ ಎಂಬ ವರ್ತಮಾನವನ್ನು ಅವು ಕ್ಷಣಕ್ಷಣಕ್ಕೂ ಕಳುಹಿಸುತ್ತಿರುವುವು. ನಾವು ಕಣ್ಣುಮುಚ್ಚಿ ನಿಲ್ಲಬಲ್ಲುದು ಈ ಅರಿವಿನಿಂದ. ಕಟ್ಟು ಹರಿದಾಗ ಈ ಅರಿವೂ ಕೆಡುವುದು; ಕಟ್ಟು ಕೂಡಿಕೊಂಡರೂ ಅರಿವು ತಾನಾಗಿ ಮರಳಬೇಕೆಂದಿಲ್ಲ. ಅದನ್ನು ಮತ್ತೆ ಕಲಿಸಬೇಕು ಎಂಬುದು ಅವರ ವಾದ. ಇದರಲ್ಲಿ ಮಿದುಳಿನ ಪಾತ್ರವೂ ಸ್ನಾಯುಗಳ ಪಾತ್ರವೂ ಹಿರಿದೆಂದು ಮುಂದಿನವರು ತಿದ್ದಿದ್ದಾರೆ. ಆದರೆ ಕಲಿಸಬೇಕೆಂಬ ಮಾತು ನಿಂತಿದೆ. ಹಾಲೆಂಡಿನಲ್ಲಿ ಕಾಲು ಉಳುಕಿದ 522 ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮನೆಯಲ್ಲಿಯೇ ಎಂಟು ವಾರ ಸಮತೋಲದ ಅಭ್ಯಾಸ ಮಾಡಿಸಿದರು. ಒಂದು ವರ್ಷದಲ್ಲಿ ಅಭ್ಯಾಸವಿಲ್ಲದವರಲ್ಲಿ ನೂರಕ್ಕೆ 33 ಮಂದಿಗೆ ಮತ್ತೆ ಉಳುಕಿತು. ಅಭ್ಯಾಸ ಮಾಡಿದವರಲ್ಲಿ 22 ಮಂದಿಗೆ. 2009ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ವೈದ್ಯರು ಹೇಳಿದಾಗ, ನಮ್ಮ ಹದಿನೈದು ವರ್ಷಗಳು ಹೋದ ದಾರಿ ಕಣ್ಣಿಗೆ ಕಟ್ಟಿತು.

‘ಒಂಟಿಕಾಲಿನಲ್ಲಿ ನಿಲ್ಲಿ, ಕಣ್ಣು ಮುಚ್ಚಿ’ ಎಂದರು. ಎಡಗಾಲಿನ ಮೇಲೆ ಅರ್ಧ ನಿಮಿಷ ನಿಂತೆವು. ಬಲಗಾಲಿನ ಮೇಲೆ ಮೂರು ಎಣಿಸುವುದರೊಳಗೆ ಮೇಜನ್ನು ಹಿಡಿದುಕೊಂಡೆವು. ಆಗ ನಮಗೆ ತಂದೆಯವರ ನೆನಪಾಯಿತು. ದೀಪವಾರಿದಾಗ ಅವರು ನಿಂತಲ್ಲಿಯೇ ತೂಗಾಡಿ, ಗೋಡೆಗೆ ಕೈಚಾಚುತ್ತಿದ್ದರು. ಅಶಕ್ತಿಯೆಂದು ನಾವೆಲ್ಲ ತಿಳಿದಿದ್ದೆವು. ಕಾಲು ತನ್ನ ವರ್ತಮಾನವನ್ನು ಕಳುಹಿಸುವುದನ್ನು ನಿಲ್ಲಿಸಿತ್ತೆಂಬುದು, ಮೇಜನ್ನು ಹಿಡಿದು ನಿಂತ ಆ ಕ್ಷಣದಲ್ಲಿ ತಿಳಿಯಿತು. ನಮ್ಮ ಕಾಲಿಗೆ ಕಲಿಸಿದರೆ ಬರುವುದು, ಅವರದಕ್ಕೆ ಬರುವಂತಿರಲಿಲ್ಲ.

ಅಂದಿನಿಂದ ಒಂಟಿಕಾಲಿನ ತಪಸ್ಸು. ಹಲ್ಲುಜ್ಜುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ಬಲಗಾಲಿನ ಮೇಲೆ ನಿಲ್ಲುವುದು. ಮೊದಲು ನೆಲದ ಮೇಲೆ, ಆಮೇಲೆ ಮಡಿಸಿದ ಕಂಬಳಿಯ ಮೇಲೆ, ಕೊನೆಗೆ ಕಣ್ಣುಮುಚ್ಚಿ. ಬಲಗಾಲೊಂದರ ಮೇಲೆಯೇ ಹಿಮ್ಮಡಿ ಎತ್ತಿ ಇಳಿಸುವುದು, ಎಡಗಾಲಿನಷ್ಟೇ ಬಾರಿ ಆಗುವವರೆಗೆ. ಐದನೆಯ ವಾರದಲ್ಲಿ ಕುಪ್ಪಳಿಸುವ ಅಭ್ಯಾಸ. ಇದನ್ನು ಕೇಳಿದ ನಮ್ಮ ಕಿರಿಯ ಮಗಳು, ‘ಇದು ಕುಂಟೆಬಿಲ್ಲೆ ಅಲ್ಲವೇನಪ್ಪ?’ ಎಂದು ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆ ಬರೆದೇಬಿಟ್ಟಳು. ಸರ್ಕಾರದ ಸಂಬಳ ತಿನ್ನುವ ಅಧ್ಯಾಪಕನು ಪಂಚೆ ಎತ್ತಿಕಟ್ಟಿ ಹಂಚಿನ ಬಿಲ್ಲೆ ಎಸೆದು ಕುಂಟುವುದನ್ನು ನೋಡಲು ಬೇಲಿಯಾಚೆ ಜನ ನಿಂತರು. ಹುಡುಗಿಯರ ಆಟವೆಂದು ನಾವು ಬಾಲ್ಯದಲ್ಲಿ ಕಡೆಗಣಿಸಿದ್ದ ಕುಂಟೆಬಿಲ್ಲೆಯಲ್ಲಿ ಎಷ್ಟು ಕೌಶಲವಿದೆಯೆಂಬುದು ಸೋತಾಗ ತಿಳಿಯಿತು. ದಿನವೂ ಸೋತೆವು.

ಓಡಲಾಗದ ಈ ವಾರಗಳಲ್ಲಿ ಸಕ್ಕರೆಯ ಭಯ ನಮ್ಮನ್ನು ಕಾಡುತ್ತಿದ್ದಿತು. ಊಟದ ಅನ್ನವನ್ನು ಅರ್ಧಕ್ಕಿಳಿಸಿದೆವು. ನೆಟ್ಟ ಸೈಕಲ್ಲನ್ನು ತುಳಿಯಲು ವೈದ್ಯರು ಮೂರನೆಯ ವಾರವೇ ಒಪ್ಪಿದ್ದರು. ಅದರ ಮೇಲೆ ಬೆಳಗಿನ ಅರ್ಧ ಗಂಟೆ ಕಳೆಯುತ್ತಿದ್ದೆವು. ಗೋಡೆ ನೋಡುತ್ತ ಸೈಕಲ್ ತುಳಿಯುವುದಕ್ಕಿಂತ ಬೇಸರದ ಕೆಲಸವನ್ನು ನಾವು ಕಂಡಿಲ್ಲ, ಪರೀಕ್ಷಾಮಂಡಲಿಯ ಸಭೆಯೊಂದನ್ನು ಬಿಟ್ಟರೆ. ಚೀಟಿಯ ಅಂಕಿ ಸ್ವಲ್ಪ ಏರಿತು, ಗಡಿ ದಾಟಲಿಲ್ಲ.

ಆರನೆಯ ವಾರ, ಹರಡಿಗೆ ಪಟ್ಟಿ ಬಿಗಿದುಕೊಂಡು ಫಾರಂಗೆ ನಡೆದೇ ಹೋದೆವು. ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಹಸುರೇರಿದ್ದಿತು. ನೀರುಗಂಟಿಯು ಕಾಲುವೆಯ ಒಡೆದ ಏರಿಯೊಂದಕ್ಕೆ ಮಣ್ಣು ಮೆತ್ತುತ್ತಿದ್ದನು. ಕಾಲಿನ ಯೋಗಕ್ಷೇಮ ವಿಚಾರಿಸಿ, ಇನ್ನೂ ಓಡುವಂತಿಲ್ಲವೆಂದು ಕೇಳಿ, ಅದರಲ್ಲಿ ಆಶ್ಚರ್ಯವೇನೂ ಇಲ್ಲವೆಂಬಂತೆ ಹೇಳಿದನು: ‘ಕೊಚ್ಚೋದ ಏರಿಗೆ ಮಣ್ಣಾಕಿದ್ ದಿಸ್ವೇ ನೀರ್ ಬುಟ್ರೆ ನಿಂತ್ಕತದಾ ಮೇಷ್ಟ್ರೆ? ವಸಿವಸಿ ಬುಡ್ಬೇಕು. ಅಂಗಂತ ನೀರೇ ಕಾಣ್ದಿದ್ರೂ ಮಣ್ಣು ಕಚ್ಚಾಕಿಲ್ಲ.’

ನಾವು ವೈದ್ಯರಿಂದ ಪಡೆದ ಚೀಟಿಯಲ್ಲಿಯೂ ಇದೇ ಇದ್ದಿತು. ಹರಿದ ಎಳೆಗಳು ಕೂಡಿಕೊಳ್ಳಲು ಕೆಲವು ವಾರಗಳು ಹಿಡಿಯುವುವು; ಹಾಗೆ ಕೂಡಿದ ಎಳೆಗಳು ಮೊದಲು ಅಡ್ಡಾದಿಡ್ಡಿಯಾಗಿದ್ದು, ಅಳತೆಯ ಭಾರ ಬಿದ್ದಂತೆಲ್ಲ ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗುತ್ತ ಹೋಗುವುವು. ಇದಕ್ಕೆ ತಿಂಗಳುಗಳೇ, ಕೆಲವೊಮ್ಮೆ ವರ್ಷವೇ ಬೇಕು. ಆದುದರಿಂದ ಅರ್ಧ ಗಂಟೆ ಬಿರುಸಾಗಿ ನಡೆದು ಮರುದಿನ ನೋವಿಲ್ಲದಿದ್ದರೆ, ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡುವುದು. ಅದು ಒಗ್ಗಿದರೆ ಎರಡು ನಿಮಿಷ. ಬಾವು ಬಂದರೆ ಒಂದು ಹೆಜ್ಜೆ ಹಿಂದಕ್ಕೆ. ಮೊದಲು ಸಮವಾದ ರಸ್ತೆ, ತರುವಾಯ ಮಣ್ಣುಹಾದಿ, ಎಲ್ಲಕ್ಕೂ ಕಡೆಯಲ್ಲಿ ಬದು.

ದಸರೆಯ ಹೊತ್ತಿಗೆ ನಾವು ಎಡೆಬಿಡದೆ ಓಡಬಲ್ಲುದು ಹದಿನೈದು ನಿಮಿಷ. 10 ಕಿಲೋಮೀಟರಿಗೆ ಅದು ಎಲ್ಲಿಂದ ಸಾಕಾಗಬೇಕು? ಹಣ ಕಟ್ಟಿ ಹೆಸರು ಬರೆಸಿದ್ದಾಗಿದ್ದಿತು. ಬಂದ ಅಂಗಿಯನ್ನು ಮಗಳು ತೊಟ್ಟುಕೊಂಡಳು. ಓಟದ ದಿನ ಬೆಳಿಗ್ಗೆ ಮೈಸೂರಿಗೆ ಹೋಗಿ ರಸ್ತೆಯ ಪಕ್ಕದಲ್ಲಿ ನಿಂತು, ನಮ್ಮ ಕಾಲೇಜಿನ ಹುಡುಗರು ಹಾದುಹೋಗುವಾಗ ಕೂಗಿ ಹುರಿದುಂಬಿಸಿದೆವು. ಅವರಲ್ಲೊಬ್ಬನು ಸ್ವಲ್ಪ ಕುಂಟುತ್ತಿದ್ದನು. ಹಿಂದಿನ ವಾರ ಕಬಡ್ಡಿಯಲ್ಲಿ ಕಾಲು ಉಳುಕಿತ್ತಂತೆ. ‘ನೋವಿಲ್ಲ ಸಾರ್, ಸರಿಹೋಗಿದೆ’ ಎಂದು ನಗುತ್ತ ಮುಂದೆ ಓಡಿದನು. ಸೋಮವಾರ ಅವನನ್ನು ನಮ್ಮ ಕೊಠಡಿಗೆ ಕರೆಸಿ, ಬಾಗಿಲು ಹಾಕಿ, ಒಂಟಿಕಾಲಿನಲ್ಲಿ ಕಣ್ಣುಮುಚ್ಚಿ ನಿಲ್ಲಿಸಿದೆವು. ನಾಲ್ಕು ಎಣಿಸುವುದರೊಳಗೆ ನಮ್ಮ ಪುಸ್ತಕದ ಬೀರುವನ್ನು ಹಿಡಿದುಕೊಂಡನು.